ಕಣ್ಣೀರು ತೋರಿಸಿದರೆ ಕಷ್ಟ ತೋರಿಸಿದ ಹಾಗಾ?

ಹೊಂಗೆಮರ:
ಬಡತನ, ಜಾತಿ, ಮನೆಯೊಳಗಿನ ಸಂಕಟ ಹೇಳುವ ನಮ್ಮ ಕಥೆ-ಸಿನಿಮಾಗಳ ಬಗ್ಗೆ ಒಂದು ಮಾತು ಮುಂದಿಡುತ್ತೇನೆ. ಒಪ್ಪದವರು ಬಿಡಿಸಿ ಹೇಳಿ.

ಈಗ ಬರುವ ಬಹಳಷ್ಟು ಕಿರುಚಿತ್ರಗಳಲ್ಲಿ ಕಷ್ಟ ಅಂದರೆ ಮುಖ. ಸುಕ್ಕುಗಟ್ಟಿದ ಕೆನ್ನೆ, ತುಂಬಿದ ಕಣ್ಣು, ಹಿಂದೆ ಕೊಳಲೋ ಸಾರಂಗಿಯೋ. ಆ ಮನೆಯವರು ಯಾರಿಗೆ ಸಾಲ ಕೊಡಬೇಕು, ಎಷ್ಟು ದಿನ ದುಡಿದರೆ ಅದು ತೀರುತ್ತದೆ, ಯಾವ ಬಾವಿಯಿಂದ ನೀರು ತರುತ್ತಾರೆ, ಯಾರ ಅಂಗಳದಲ್ಲಿ ಎಷ್ಟು ದೂರ ನಿಲ್ಲಬೇಕು, ಇದೊಂದೂ ಗೊತ್ತಾಗುವುದಿಲ್ಲ. ಶಿವರಾಮ ಕಾರಂತರ ಕಾದಂಬರಿ ‘ಚೋಮನ ದುಡಿ’ 1933ರದ್ದು, ಅದನ್ನು ಆಧರಿಸಿದ ಬಿ.ವಿ. ಕಾರಂತರ ಸಿನಿಮಾ 1975ರದ್ದು. ಇವತ್ತಿಗೂ ಅದು ಎದೆಗೆ ನಾಟುವುದು ಚೋಮ ಅಳುತ್ತಾನೆ ಅಂತಲ್ಲ. ಅವನ ಹತ್ತಿರ ಒಂದು ಜೋಡಿ ಎತ್ತಿದೆ, ಉಳಲು ತೋಳಿನಲ್ಲಿ ಬಲ ಇದೆ, ಸುತ್ತ ಗದ್ದೆಯೂ ಇದೆ. ಆದರೆ ಗೇಣಿಗೆ ಗದ್ದೆ ಕೊಡುವವರಿಲ್ಲ, ಯಾಕೆಂದರೆ ಅವನ ಜಾತಿಯವನು ಸ್ವಂತ ಬೇಸಾಯ ಮಾಡಬಾರದು. ಕಾಡಿನಲ್ಲಿ ಸಿಕ್ಕ ಕರುಗಳನ್ನು ಸಾಕಿ ಬೆಳೆಸಿದವನಿಗೆ ಅವನ್ನು ಹೂಡಲು ಒಂದು ಗದ್ದೆ ಇಲ್ಲ. ಈ ಒಂದು ಏರ್ಪಾಡು ಅರ್ಥವಾದರೆ ಸಾಕು, ಉಳಿದದ್ದಕ್ಕೆ ಸಂಗೀತ ಬೇಡ.

ಆದ್ದರಿಂದ ನನ್ನ ವಾದ ಇಷ್ಟು: ತಾರತಮ್ಯವನ್ನು ಭಾವನೆಯಾಗಿ ತೋರಿಸಬೇಡಿ, ಅದು ಕೆಲಸ ಮಾಡುವ ಕ್ರಮ ತೋರಿಸಿ.

ಕಡಲತಡಿ:
ಪೂರ್ತಿ ಒಪ್ಪುತ್ತೇನೆ. ಕಾದಂಬರಿಯಲ್ಲಿ ನಾವು ಬೇಗ ದಾಟಿಬಿಡುವ ಒಂದು ಜಾಗವನ್ನೂ ಇದಕ್ಕೆ ಸೇರಿಸುತ್ತೇನೆ.

ಒಡೆಯ ಸಂಕಪ್ಪಯ್ಯ ಕೆಟ್ಟ ಮನುಷ್ಯನಲ್ಲ. ಚೋಮನಿಗೆ ಒಂದು ತುಂಡು ಭೂಮಿ ಕೊಟ್ಟರೇನು ಅಂತ ಅವನ ಮನಸ್ಸು ಸ್ವಲ್ಪ ವಾಲುತ್ತದೆ ಕೂಡ. ಅಡ್ಡ ಬರುವವಳು ಅವನ ಮುದಿ ತಾಯಿ. ತಾಯಿಯ ಮಾತು ಮೀರಲು ಮಗನಿಗೆ ಆಗುವುದಿಲ್ಲ, ಅಷ್ಟಕ್ಕೆ ಆ ಬಾಗಿಲು ಮುಚ್ಚಿತು. ಅಂದರೆ ಒಂದು ಮನೆಯೊಳಗೆ ಹಿರಿಯರ ಮೇಲಿನ ಗೌರವ ಅಂತ ಕಾಣುವುದೇ ಇನ್ನೊಂದು ಮನೆಯ ಹೊಟ್ಟೆಯ ಮೇಲೆ ಕಲ್ಲಾಗುತ್ತದೆ. ಖಳನನ್ನು ಹುಡುಕುವ ಕಥೆಗಾರನಿಗೆ ಇದು ಸಿಗುವುದಿಲ್ಲ. ಮೀಸೆ ತಿರುವುವ ಧಣಿಯನ್ನು ನಿಲ್ಲಿಸಿದರೆ ನೋಡುಗ ‘ನಮ್ಮ ಮನೆಯಲ್ಲಿ ಅಂಥವರಿಲ್ಲ’ ಅಂತ ನೆಮ್ಮದಿಯಿಂದ ಎದ್ದು ಹೋಗುತ್ತಾನೆ.

ಇನ್ನು ಸಾಲದ ಬಾಗಿಲು. ಕಾಫಿ ತೋಟದ ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಹಿರಿಯವ ಚನಿಯ ಜ್ವರ ಹತ್ತಿಸಿಕೊಂಡು ಸಾಯುತ್ತಾನೆ. ಗುರುವ ಅಲ್ಲೇ ಕ್ರೈಸ್ತ ಹುಡುಗಿಯ ಜೊತೆ ಉಳಿದುಬಿಡುತ್ತಾನೆ. ಮಗಳು ಬೆಳ್ಳಿ ಹೋದ ಮೇಲೆ ಸಾಲ ‘ತೀರುತ್ತದೆ’, ತೋಟದವರು ಅದನ್ನು ತೀರಿಸಿಕೊಂಡ ರೀತಿ ಬೇರೆ. ಮೂರನೆಯ ಬಾಗಿಲು ಇಗರ್ಜಿಯದು, ಅಂದರೆ ಚರ್ಚಿನದು. ಮತ ಬಿಟ್ಟರೆ ಭೂಮಿ ಸಿಗಬಹುದು ಎಂದು ಚೋಮ ಹೊರಡುತ್ತಾನೆ, ಮನೆದೈವ ಪಂಜುರ್ಲಿಯ ನೆನಪು ಅವನನ್ನು ಹಿಂದಕ್ಕೆ ಎಳೆಯುತ್ತದೆ. ಮೂರು ಬಾಗಿಲು, ಮೂರಕ್ಕೂ ಬೇರೆ ಬೇರೆ ಚಿಲಕ. ಕಾದಂಬರಿ ಬಿಗಿಯಾಗಿರುವುದು ಈ ಕಟ್ಟಡದಿಂದ.

ರೀಲುಪೆಟ್ಟಿಗೆ:
ಕ್ರಮ ತೋರಿಸಿ ಅಂದದ್ದಕ್ಕೆ ಚಿತ್ರೀಕರಣದ ಕಡೆಯಿಂದ ಹೇಳುತ್ತೇನೆ. ಎಲ್ಲಿ ಎಡವುತ್ತಾರೆ ಅನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ನೀರು ಎತ್ತಿ ಹಾಕುವ ದೃಶ್ಯವನ್ನೇ ತಗೊಳ್ಳಿ. ನಿರ್ದೇಶಕರು ನಟಿಯ ಕೈಗೆ ಚೆಂಬು ಕೊಟ್ಟು ‘ಹಾಕಿ’ ಅನ್ನುತ್ತಾರೆ. ಅವರು ದೇವಸ್ಥಾನದಲ್ಲಿ ತೀರ್ಥ ಕೊಟ್ಟ ಹಾಗೆ ಹತ್ತಿರದಿಂದ ಹಾಕುತ್ತಾರೆ. ಹಾಗಲ್ಲ. ಚೆಂಬಿಗೂ ಬೊಗಸೆಗೂ ನಡುವೆ ಕಡಿಮೆಯೆಂದರೂ ಒಂದು ಅಡಿ ಅಂತರ ಬೇಕು, ಯಾಕೆಂದರೆ ನೀರಿನ ಧಾರೆಯ ಮೂಲಕವೂ ಮೈಲಿಗೆ ಹತ್ತೀತು ಅನ್ನುವ ಭಯ ಆ ಕೈಯಲ್ಲಿದೆ. ಅಷ್ಟು ಮೇಲಿಂದ ಬಿದ್ದರೆ ನೀರು ಬೊಗಸೆಯಲ್ಲಿ ನಿಲ್ಲುವುದಿಲ್ಲ, ಚಿಮ್ಮುತ್ತದೆ. ಕುಡಿಯುವವನು ಸೊಂಟ ಬಗ್ಗಿಸಿ ಬೊಗಸೆಯನ್ನು ಬಾಯಿಗೆ ಒತ್ತಿಕೊಂಡಿರಬೇಕು, ಅರ್ಧ ನೀರು ಮೊಣಕೈಯಿಂದ ಇಳಿದು ಮಣ್ಣಿಗೆ ಹೋಗಬೇಕು. ಸಾಕು ಅನ್ನಲು ಅವನಿಗೆ ಬಾಯಿ ಬಿಡುವಿರುವುದಿಲ್ಲ, ತಲೆಯಲ್ಲಾಡಿಸುತ್ತಾನೆ. ಹಾಕುವವಳು ಅವನನ್ನು ನೋಡುತ್ತಿರುವುದಿಲ್ಲ, ಕೊಟ್ಟಿಗೆ ಕಡೆ ನೋಡುತ್ತಿರುತ್ತಾಳೆ. ಹಾಗಾಗಿ ಅವನು ಸಾಕು ಅಂದದ್ದು ಅವಳಿಗೆ ತಡವಾಗಿ ತಿಳಿಯುತ್ತದೆ, ಎದೆ ಪೂರ್ತಿ ಒದ್ದೆ. ಇಡೀ ದೃಶ್ಯ 15 ಸೆಕೆಂಡು. ಒಂದೂ ಮಾತು ಬೇಡ. ಮಧ್ಯೆ ಕತ್ತರಿಸಿ ಮುಖದ ಕ್ಲೋಸಪ್ ಹಾಕಿದಿರೋ ಅಂತರವೇ ಮಾಯ. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಇದ್ದರೆ ಮಾತ್ರ ಆ ಒಂದು ಅಡಿ ಕಾಣುತ್ತದೆ.

ಬಟ್ಟೆಯದೂ ಹಾಗೇ. ಬಡವರು ಅಂದ ಕೂಡಲೇ ಕತ್ತರಿ ಹಾಕಿ ಹರಿದು ಮಣ್ಣು ಬಳಿಯುತ್ತಾರೆ. ಕತ್ತರಿಯ ಅಂಚು ನೇರವಾಗಿರುತ್ತದೆ, ಕ್ಯಾಮೆರಾ ಅದನ್ನು ತಕ್ಷಣ ಹಿಡಿಯುತ್ತದೆ. ಬಟ್ಟೆ ಸವೆಯುವುದು ಕೆಲಸದ ಜಾಗದಲ್ಲಿ. ಹೊರೆ ಹೊರುವವನಿಗೆ ಹೆಗಲು, ನಾಟಿ ಮಾಡುವವಳಿಗೆ ಸೀರೆಯ ಕೆಳ ಅಂಚು, ಕೂತು ಕೆಲಸ ಮಾಡುವವರಿಗೆ ಹಿಂಭಾಗ. ಹೊಸ ಬಟ್ಟೆಯನ್ನು ಸೋಡಾ ಹಾಕಿ ಎಂಟು ಹತ್ತು ಸಲ ಒಗೆದು ಸುಡುಬಿಸಿಲಿನಲ್ಲಿ ಒಣಗಿಸಿ, ಆ ಜಾಗಗಳನ್ನಷ್ಟೇ ಇಟ್ಟಿಗೆ ಚೂರಿನಿಂದ ಉಜ್ಜಿ ನೂಲು ತೆಳುವಾಗಿಸಿ, ಆಮೇಲೆ ಚಹಾಸೊಪ್ಪು ಕುದಿಸಿದ ನೀರಿನಲ್ಲಿ ಅದ್ದಿ ತೆಗೆದರೆ ಬಿಳಿ ಬಣ್ಣ ಸಾಯುತ್ತದೆ. ಹರಿದದ್ದಕ್ಕೆ ಬೇರೆ ಬಣ್ಣದ ದಾರದಲ್ಲಿ ತೇಪೆ ಹಾಕಿ. ಇರುವ ಎರಡೇ ಬಟ್ಟೆಯನ್ನು ಒಗೆದು ಉಡುವ ಮನೆಯವರೇ ಹೆಚ್ಚು. ಕೊಳಕು ಬಳಿಯುವುದು ತೋರಿಸುವವನ ಪೂರ್ವಗ್ರಹ.

ಬೆಳಕು ಇನ್ನೊಂದು. ಚಿಮಣಿ ಬುಡ್ಡಿ ನೆಲದ ಮೇಲಿದ್ದರೆ ಬೆಳಕು ಗದ್ದದ ಕೆಳಗಿಂದ ಬರಬೇಕು, ನೆರಳು ಸೂರಿಗೆ ಹತ್ತಬೇಕು. ಸೆಟ್ಟಿನಲ್ಲಿ ಮೇಲಿಂದ ದೀಪ ಇಟ್ಟು ಕೆಳಗೆ ಬುಡ್ಡಿ ಹಚ್ಚಿಟ್ಟರೆ ಗುಡಿಸಲು ಹೋಟೆಲಿನ ಹಾಗೆ ಕಾಣುತ್ತದೆ. ಶಬ್ದಕ್ಕೆ: ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷದ ಬರೀ ಸದ್ದು ಹಿಡಿದಿಟ್ಟುಕೊಳ್ಳಿ. ಸಂಕಲನದಲ್ಲಿ ಆ ಒಂದು ನಿಮಿಷ ಇಲ್ಲದವರೇ ಕೊನೆಗೆ ಕೊಳಲಿನ ಮೊರೆ ಹೋಗುವುದು.

ಜೋಳದರೊಟ್ಟಿ:
ಅಲ್ರೀ ರೀಲುಪೆಟ್ಟಿಗೆಯವರ, ನೀವು ಹೇಳಿದ್ದು ಎಲ್ಲಾ ಖರೆ ಐತಿ. ಆದ್ರ ಇಷ್ಟು ಚೊಕ್ಕ ಮಾಡಿದ್ರ ಅದು ಮ್ಯೂಸಿಯಂ ಆಕ್ಕೈತಿ. ನೋಡೋ ಮಂದಿ ‘ಪಾಪ, ಆಗಿನ ಕಾಲದಾಗ ಹಂಗಿತ್ತು’ ಅಂತಾರ. ಈಗಿನ ರೂಪ ತೋರಸ್ರಿ. ಮೊದಲು ಹೋಟೆಲ್ ಸೂರಿನ್ಯಾಗ ಬ್ಯಾರೆ ಲೋಟ ಸಿಗಸಿರತಿದ್ರು, ಚಾ ಕುಡದು ತಾವ ತೊಳದು ಅಲ್ಲೇ ಸಿಗಸಬೇಕು. ಈಗ ಅದ ಹೋಟೆಲ್‌ನ್ಯಾಗ ಒಬ್ಬರಿಗೆ ಸ್ಟೀಲ್ ಲೋಟ, ಇನ್ನೊಬ್ಬರಿಗೆ ಪೇಪರ್ ಕಪ್. ಕೇಳಿದ್ರ ‘ಸ್ವಚ್ಛತಾ ಸಲುವಾಗಿ’ ಅಂತಾರ. ಕ್ಷೌರದ ಅಂಗಡಿ ಇವತ್ತು ರಜಾ ಅಂತಾವ, ತಾಸು ಬಿಟ್ಟು ನೋಡಿದ್ರ ಬಾಗಿಲಾ ತಗದಿರತೈತಿ. ಬಾಡಿಗಿ ಮನಿ ಕೇಳಾಕ ಹೋದ್ರ ‘ನೀವು ವೆಜ್ಜಾ?’ ಅಂತ ಮೊದಲನೇ ಪ್ರಶ್ನೆ. 1955ರಾಗ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು, ಮುಂದ ಅದಕ್ಕ ನಾಗರಿಕ ಹಕ್ಕು ರಕ್ಷಣೆ ಕಾಯ್ದೆ ಅಂತ ಹೆಸರಾತು, 1989ರಾಗ ದೌರ್ಜನ್ಯ ತಡೆ ಕಾಯ್ದೆ ಬಂತು. ಕಾಯ್ದೆ ಬಂದಂಗ ಬಂದಂಗ ತಾರತಮ್ಯ ಮಾತು ಬದಲಿ ಮಾಡೈತಿ. ಆ ಬದಲಾದ ಮಾತು ಹಿಡಿಯೂದು ನೀರು ಹಾಕೂದು ತೋರಸೂದಕ್ಕಿಂತ ಕಷ್ಟ.

ರೀಲುಪೆಟ್ಟಿಗೆ:
ಪೇಪರ್ ಕಪ್ಪಿನ ಮಾತು ತುಂಬ ಸರಿ. ತೋರಿಸುವುದೂ ಸಾಧ್ಯ: ಒಂದೇ ಬೆಂಚಿನಲ್ಲಿ ನಾಲ್ಕು ಜನ, ಮೂರು ಸ್ಟೀಲ್ ಲೋಟ, ಒಂದು ಪೇಪರ್ ಕಪ್. ಯಾರೂ ಅದರ ಬಗ್ಗೆ ಮಾತಾಡಬಾರದು. ಮಾತಾಡಿಸಿದರೆ ಕೆಟ್ಟಿತು.

ಕೆಂಪುಮಣ್ಣು:
ಇಷ್ಟು ಹೊತ್ತು ‘ಹೇಗೆ ತೋರಿಸಬೇಕು’ ಅಂತ ಮಾತಾಡಿದಿರಿ. ಎಲ್ಲಿ ನಿಂತು ನೋಡುತ್ತಿದ್ದೀರಿ ಅನ್ನುವುದನ್ನು ಯಾರೂ ಎತ್ತಲಿಲ್ಲ.

‘ಚೋಮನ ದುಡಿ’ ದೊಡ್ಡ ಕೃತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿ ಚೋಮನ ಮನೆಗೆ ಏನಾಗುತ್ತದೆ ನೋಡಿ. ಐದು ಮಕ್ಕಳಲ್ಲಿ ಒಬ್ಬೊಬ್ಬರಾಗಿ ಕೈಬಿಟ್ಟು ಹೋಗುತ್ತಾರೆ. ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದಾರೆ, ಒಬ್ಬ ಹುಡುಗ ಧುಮುಕಲು ಹೊರಟರೆ ಮುಟ್ಟಬಾರದು ಅಂತ ತಡೆಯುತ್ತಾರೆ. ಕೊನೆಗೆ ಚೋಮ ಬಾಗಿಲು ಹಾಕಿಕೊಂಡು ಜೀವ ಹೋಗುವವರೆಗೆ ದುಡಿ ಬಾರಿಸುತ್ತಾನೆ. ಓದಿದವರ ಎದೆ ಒಡೆಯುತ್ತದೆ, ನಿಜ. ಆದರೆ ಆ ಮನೆಯಲ್ಲಿ ನಗು ಎಷ್ಟಿದೆ? ಜಗಳ, ಹಟ, ಹಸಿದಾಗಲೂ ಮಾಡುವ ತಮಾಷೆ ಎಷ್ಟಿದೆ?

ದೇವನೂರ ಮಹಾದೇವರ ‘ಒಡಲಾಳ’ವನ್ನು ಪಕ್ಕಕ್ಕಿಟ್ಟು ಓದಿ. ಅಲ್ಲಿಯೂ ಹಸಿವಿದೆ, ಪೊಲೀಸರಿದ್ದಾರೆ, ಸಾಹುಕಾರನಿದ್ದಾನೆ. ಸಾಕವ್ವನ ಮನೆಗೆ ಸಾಹುಕಾರ ಎತ್ತಪ್ಪನ ಕಡೆಯಿಂದ ಕದ್ದು ತಂದ ಕಳ್ಳೇಕಾಯಿ ಮೂಟೆ ಬರುತ್ತದೆ. ಬೆಳಗಾದರೆ ಹುಡುಕಿಕೊಂಡು ಬರುತ್ತಾರೆ, ಆದ್ದರಿಂದ ರಾತ್ರಿಯೊಳಗೆ ಖಾಲಿಯಾಗಬೇಕು. ಇಡೀ ಸಂಸಾರ ಒಲೆ ಸುತ್ತ ಕೂತು ತಿನ್ನುತ್ತದೆ, ಸಿಪ್ಪೆ ಬೆಂಕಿಗೆ ಹೋಗುತ್ತದೆ, ಬೆಂಕಿ ದೊಡ್ಡದಾಗುತ್ತದೆ, ಮಾತು ಏರುತ್ತದೆ. ಹೊಟ್ಟೆ ತುಂಬಿದ ಒಂದು ರಾತ್ರಿ. ಆ ಮನೆಯಲ್ಲಿ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಕಳವು, ಸಾಕ್ಷಿ ನಾಶ, ಹಬ್ಬದೂಟ, ಮೂರೂ ಒಂದೇ ಕೆಲಸ! ಕಷ್ಟದೊಳಗೆ ನಿಂತವನಿಗೆ ಮಾತ್ರ ಇದು ಕಾಣುತ್ತದೆ. ಹೊರಗೆ ನಿಂತವನಿಗೆ ಹಸಿವಷ್ಟೇ ಕಾಣುತ್ತದೆ.

1973ರಲ್ಲಿ ಆಗ ಮಂತ್ರಿಯಾಗಿದ್ದ ದಲಿತ ನಾಯಕ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ (ದನಕ್ಕೆ ಹಾಕುವ ಹೊಟ್ಟು) ಅಂದಾಗ ಎದ್ದ ಗಲಾಟೆಗೆ ಅವರ ಮಂತ್ರಿಗಿರಿಯೇ ಹೋಯಿತು. ಅವರು ಎತ್ತಿದ ಪ್ರಶ್ನೆ ಇದೇ. ಆಮೇಲಿನ ದಲಿತ ಸಂಘರ್ಷ ಸಮಿತಿ, 1979ರ ಬಂಡಾಯ ಸಾಹಿತ್ಯ ಸಂಘಟನೆ, ಇವುಗಳ ಬೆನ್ನ ಹಿಂದೆ ಆ ಪ್ರಶ್ನೆಯೇ ಇದೆ.

ಹೊಂಗೆಮರ:
ಒಂದು ನಿಮಿಷ. ಹಾಗಾದರೆ ಹೊರಗಿನವರು ಬರೆಯಲೇಬಾರದು ಅಂತಲೇ?

ಕೆಂಪುಮಣ್ಣು:
ಬರೆಯಬೇಡಿ ಅನ್ನಲಿಲ್ಲ. ಬರೆಯುವಾಗ ಆ ಮನೆಯ ಜನಕ್ಕೆ ಆಸೆ ಒಂದೇ ಕೊಟ್ಟು ಕೈಕಟ್ಟಬೇಡಿ. ಚೋಮನಿಗೆ ಬೇಸಾಯದ ಆಸೆ ಇದೆ, ಅದು ಬಿಟ್ಟರೆ ಹೆಂಡ ಮತ್ತು ದುಡಿ. ಸಾಕವ್ವನಿಗೆ ಕಳೆದುಹೋದ ಹುಂಜದ ಮೇಲೆ ಸಿಟ್ಟಿದೆ, ಮಕ್ಕಳ ಮೇಲೆ ಅಧಿಕಾರವಿದೆ, ಅವಳ ಬೈಗುಳದಲ್ಲಿ ರುಚಿ ಇದೆ. ವ್ಯತ್ಯಾಸ ಅಲ್ಲಿದೆ.

ಕಡಲತಡಿ:
ಕೆಂಪುಮಣ್ಣು ಅವರ ಮಾತಿನ ತೂಕ ಒಪ್ಪುತ್ತೇನೆ. ಆದರೂ ಚೋಮನ ಸಾವನ್ನು ಬರೀ ಕರುಣೆ ಅಂತ ಬಿಡಲು ಮನಸ್ಸು ಒಪ್ಪದು. ಅದಕ್ಕೆ ಕಾರಣ ಕಂದಾಯ ಕಾನೂನಿನಲ್ಲಿದೆ.

ಸಿನಿಮಾ ಬಂದದ್ದು 1975ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ, 1974ರ ಮಾರ್ಚ್ 1ರಿಂದ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಉಳುವವನೇ ಹೊಲದೊಡೆಯ ಅನ್ನುವ ಮಾತು ಊರೂರಲ್ಲಿ ಕೇಳುತ್ತಿತ್ತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯ ಮುಂದೆ ನಿಲ್ಲುತ್ತಿದ್ದರು. ದಕ್ಷಿಣ ಕನ್ನಡದಲ್ಲಿ ಆ ಕಾಯ್ದೆಯಿಂದ ಎಷ್ಟೋ ಮನೆಗಳ ಬದುಕೇ ಬದಲಾಯಿತು. ಆದರೆ ಚೋಮನಂಥವನಿಗೆ ಆ ನಮೂನೆ ಹಾಕಲು ಬರುತ್ತಿತ್ತೇ? ಇಲ್ಲ. ಅವನು ಗೇಣಿದಾರನೇ ಅಲ್ಲ, ಒಡೆಯರ ಮನೆಯ ಮೂಲದಾಳು, ಅಂದರೆ ತಲೆಮಾರಿನಿಂದ ಆ ಮನೆಗೆ ಕಟ್ಟುಬಿದ್ದ ಆಳು. ಗೇಣಿ ಚೀಟಿ ಇಲ್ಲ, ಗೇಣಿ ಅಕ್ಕಿ ಅಳೆದ ದಾಖಲೆ ಇಲ್ಲ, ಪಹಣಿಯಲ್ಲಿ ಹೆಸರಿಲ್ಲ. ತಲೆಮಾರಿನಿಂದ ಅದೇ ಗದ್ದೆಯ ಕೆಸರಿನಲ್ಲಿ ನಿಂತವನನ್ನು ಕಾನೂನು ‘ಉಳುವವನು’ ಅಂತ ಗುರುತಿಸಲು ಕಾಗದ ಕೇಳುತ್ತದೆ. ಇರುವ ಗುಡಿಸಲಿನ ಜಾಗಕ್ಕೆ ಹಕ್ಕು ಕೇಳಬಹುದಿತ್ತು, ಮಿತಿ ಮೀರಿದ ಜಮೀನು ಹಂಚಿದರೆ ಅದರಲ್ಲಿ ಪಾಲು ಸಿಗಬಹುದಿತ್ತು. ತಾನು ದುಡಿದ ಗದ್ದೆ ಮಾತ್ರ ಅವನದಾಗುತ್ತಿರಲಿಲ್ಲ. ಸಾಲಕ್ಕೆ ಕಟ್ಟಿಹಾಕುವ ಜೀತ ರದ್ದಾದ ಕಾಯ್ದೆ 1976ರದ್ದು.

1933ರಲ್ಲಿ ಬರೆದ ಕಾದಂಬರಿ 1974ರ ಕಾನೂನಿನ ತೂತನ್ನು ಮೊದಲೇ ತೋರಿಸಿದ ಹಾಗಾಯಿತು. ಉಳುವ ಹಕ್ಕನ್ನೇ ಜಾತಿ ಕಿತ್ತುಕೊಂಡಿದ್ದರೆ ‘ಉಳುವವನಿಗೆ ಭೂಮಿ’ ಅನ್ನುವ ಮಾತು ಅವನ ಮನೆ ತಲುಪುವುದೇ ಇಲ್ಲ. 1975ರ ರಾಷ್ಟ್ರಪ್ರಶಸ್ತಿಗಳಲ್ಲಿ ಸಿನಿಮಾಗೆ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಅದಕ್ಕಿಂತ ನನಗೆ ಮುಖ್ಯ, ಆ ಹೊತ್ತಿಗೆ ಅದು ಸರಿಯಾದ ಪ್ರಶ್ನೆ ಕೇಳಿತು.

ತುಂಗೆಯಾಚೆ:
ಎಲ್ಲರೂ ಚೋಮ, ಎತ್ತು, ಗದ್ದೆ ಅನ್ನುತ್ತಿದ್ದೀರಿ. ಆ ಮನೆಯಲ್ಲಿ ತಾಯಿ ಇಲ್ಲ. ಗಂಜಿ ಕಾಯಿಸುವವಳು ಬೆಳ್ಳಿ, ತಮ್ಮಂದಿರನ್ನು ನೋಡಿಕೊಳ್ಳುವವಳು ಬೆಳ್ಳಿ. ಸಾಲ ತೀರಿದ್ದು ಬೆಳ್ಳಿಯ ಮೈಯಿಂದ. ವಿಷಯ ಗೊತ್ತಾದಾಗ ಚೋಮನ ಸಿಟ್ಟು ಬೀಳುವುದೂ ಬೆಳ್ಳಿಯ ಮೇಲೆಯೇ. ಬಾಗಿಲು ಹಾಕಿ ದುಡಿ ಬಾರಿಸುವುದು ಅಪ್ಪನ ಕೊನೆ. ಬಾಗಿಲ ಹೊರಗೆ ಉಳಿದವಳ ಕೊನೆ ಏನು? ಕಷ್ಟದ ಕಥೆಗಳಲ್ಲಿ ಕುಟುಂಬ ಅಂದರೆ ಒಂದು ಮುದ್ದೆ ಅಂದುಕೊಂಡುಬಿಡುತ್ತೇವೆ. ಮುದ್ದೆಯೊಳಗೂ ಯಾರಿಗೆ ದೊಡ್ಡ ತುತ್ತು, ಯಾರಿಗೆ ಸೀದ ತಳ ಅಂತ ಇರುತ್ತದೆ.

ಅದಕ್ಕೇ ಈ ವಿಷಯಕ್ಕೆ ‘ಘಟಶ್ರಾದ್ಧ’ ಇನ್ನೂ ಹತ್ತಿರದ್ದು. ಅನಂತಮೂರ್ತಿಯವರ ಕಥೆ, 1977ರಲ್ಲಿ ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ. ನೋಡದವರಿಗೆ ಎರಡು ಸಾಲು: ಮಲೆನಾಡಿನ ಒಂದು ಅಗ್ರಹಾರದಲ್ಲಿ ಉಡುಪರ ವೇದಪಾಠಶಾಲೆ, ಅವರ ವಿಧವೆ ಮಗಳು ಯಮುನಾ ಶಾಲೆಯ ಮೇಷ್ಟರಿಂದ ಬಸಿರಾಗುತ್ತಾಳೆ. ಹೊಸದಾಗಿ ಓದಲು ಬಂದ ಪುಟ್ಟ ಹುಡುಗ ನಾಣಿ ಅವಳನ್ನು ಹಚ್ಚಿಕೊಂಡಿದ್ದಾನೆ. ಕೊನೆಗೆ ಬದುಕಿರುವವಳಿಗೇ ಶ್ರಾದ್ಧ ಮಾಡಿ, ಮಡಕೆ ಒಡೆದು, ತಲೆ ಬೋಳಿಸಿ ಊರಾಚೆ ಬಿಡುತ್ತಾರೆ.

ಇಲ್ಲಿ ತಾರತಮ್ಯದ ಕೈ ಹೊರಗಿನವರದ್ದಲ್ಲ, ತಂದೆಯದ್ದು. ಶ್ರಾದ್ಧಕ್ಕೆ ಕರ್ತೃ ಬೇಕು, ಅದು ಮನೆಯವರೇ ಆಗಬೇಕು. ನೀರು ತುಂಬಿದ ಮಡಕೆ ಒಡೆದ ಮೇಲೆ ಅವಳಿಗೂ ಆ ಮನೆಗೂ ನೀರಿನ ಸಂಬಂಧ ಹರಿಯಿತು ಅನ್ನುವುದು ಆ ಕ್ರಿಯೆಯ ಅರ್ಥ: ಇನ್ನು ಅವಳ ಊಟ ಇವರದ್ದಲ್ಲ, ಅವಳು ಸತ್ತರೆ ಇವರಿಗೆ ಸೂತಕವಿಲ್ಲ. ಶಾಸ್ತ್ರ ಎಷ್ಟು ಅಚ್ಚುಕಟ್ಟಾಗಿದೆಯೋ ಅಷ್ಟು ಭಯಂಕರವಾಗಿದೆ. ಆ ಮೇಷ್ಟರಿಗೆ ಯಾವ ಮಡಕೆಯೂ ಒಡೆಯುವುದಿಲ್ಲ. ಮಗಳನ್ನು ಹೊರಹಾಕಿದ ಉಡುಪರಿಗೆ ಚಿಕ್ಕ ಹುಡುಗಿಯೊಬ್ಬಳನ್ನು ಮದುವೆಯಾಗಲು ಯಾವ ಅಡ್ಡಿಯೂ ಇಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು, ನೋಡುಗನಿಗೆ ಬೇರೆ ವಿವರಣೆ ಬೇಕಿಲ್ಲ.

ಮೂರನೇಬೆಂಚು:
ಇಲ್ಲಿ ನನಗೊಂದು ತಕರಾರಿದೆ. ಕಥೆಯನ್ನೂ ಸಿನಿಮಾವನ್ನೂ ನಾಣಿಯ ಕಣ್ಣಿಂದ ನೋಡಿಸುತ್ತಾರೆ. ಮಗುವಿನ ಕಣ್ಣು ಅಂದರೆ ನೋಡುಗನಿಗೆ ಅನುಕೂಲ. ಮಗುವಿಗೆ ತಿಳಿಯದು, ಹಾಗಾಗಿ ನಮಗೂ ಜವಾಬ್ದಾರಿ ಇಲ್ಲ. ಹೈಸ್ಕೂಲು ಮಕ್ಕಳ ಜೊತೆ ಈ ಕಥೆ ಚರ್ಚೆಗೆ ಬಂದಾಗ ಅವರ ಮರುಕವೆಲ್ಲ ನಾಣಿಗೇ ಹೋಗುತ್ತದೆ, ‘ಪಾಪ, ಹುಡುಗ ಒಂಟಿಯಾದ’ ಅಂತ.

ತುಂಗೆಯಾಚೆ:
ಮಕ್ಕಳು ಹಾಗೆ ಓದುವುದು ಸಹಜ. ಆದರೆ ನಾಣಿ ಬರೀ ನೋಡುವವನಲ್ಲ. ಗುಟ್ಟು ಅವನಿಗೆ ಗೊತ್ತು, ರಾತ್ರಿ ಅವಳ ಜೊತೆ ನಡೆದು ಹೋಗುವವನೂ ಅವನೇ. ಕೊನೆಗೆ ಅಪ್ಪ ಬಂದು ಅವನನ್ನು ಕರೆದುಕೊಂಡು ಹೋಗುವಾಗ ತಲೆ ಬೋಳಿಸಿದ ಯಮುನಕ್ಕ ಮರದಡಿ ಒಬ್ಬಳೇ ಕೂತಿದ್ದಾಳೆ. ಅವನು ಅಪ್ಪನ ಕೈ ಹಿಡಿದು ನಡೆಯುತ್ತಾನೆ. ಹಿಡಿದ ಕೈ ಬಿಡಿಸಿಕೊಳ್ಳಲು ಆಗದ ವಯಸ್ಸು. ನನ್ನ ಓದಿನಲ್ಲಿ ಚಿತ್ರ ಅಲ್ಲಿ ನಾಣಿಯನ್ನು ಬಿಡುಗಡೆ ಮಾಡುವುದಿಲ್ಲ, ಒಳಗೆ ಸೇರಿಸಿಕೊಳ್ಳುತ್ತದೆ. ನಾಳೆ ಅವನೂ ಮಂತ್ರ ಕಲಿತು ಯಾರದೋ ಮಡಕೆ ಒಡೆಸುವವನಾಗಬಹುದು.

ತರಗತಿಗೆ ಒಂದು ಉಪಾಯ ಹೇಳುತ್ತೇನೆ. ಮಕ್ಕಳಿಗೆ ‘ಯಾರು ಪಾಪ?’ ಅಂತ ಕೇಳಬೇಡಿ. ಒಂದು ಹಾಳೆಯಲ್ಲಿ ಮೂರು ಅಂಕಣ ಹಾಕಿಸಿ: ಯಾರಿಗೆ ಗೊತ್ತಿತ್ತು, ಗೊತ್ತಿದ್ದವರು ಏನು ಮಾಡಿದರು, ಮಾಡದೆ ಇದ್ದದ್ದಕ್ಕೆ ಅವರಿಗೇನು ಲಾಭ. ಮೇಷ್ಟರು, ಉಡುಪರು, ಅಕ್ಕಪಕ್ಕದ ಹೆಂಗಸರು, ಪಾಠಶಾಲೆಯ ದೊಡ್ಡ ಹುಡುಗರು, ನಾಣಿ, ಎಲ್ಲರನ್ನೂ ತುಂಬಿಸಲಿ. ಮೂರನೇ ಅಂಕಣಕ್ಕೆ ಬರುವಾಗ ಕೈ ನಿಧಾನವಾಗುತ್ತದೆ. ಚರ್ಚೆ ಶುರುವಾಗುವುದು ಅಲ್ಲಿಂದ. ‘ಫಣಿಯಮ್ಮ’ಕ್ಕೂ ಇದನ್ನೇ ಮಾಡಿ. ಎಂ.ಕೆ. ಇಂದಿರಾ ಅವರ ಕಾದಂಬರಿಯಲ್ಲಿ ಬಾಲವಿಧವೆಯ ಇಡೀ ಆಯುಷ್ಯದ ದುಡಿಮೆಯಿಂದ ಮನೆಗೆ ಎಷ್ಟು ಲಾಭವಾಯಿತು ಅಂತ ಪಟ್ಟಿ ಮಾಡಿಸಿ. ಬಾಣಂತನ, ಹಪ್ಪಳ ಸಂಡಿಗೆ, ಮಡಿ ಅಡುಗೆ, ಯಾರ ಮನೆಯಲ್ಲಿ ಏನಾದರೂ ಅವಳಿಗೇ ಕರೆ. ಸಂಬಳವಿಲ್ಲದ ಆಳನ್ನು ಯಾವ ಮನೆ ಬಿಟ್ಟುಕೊಡುತ್ತದೆ? ವೈಧವ್ಯದ ಕಟ್ಟಳೆ ಉಳಿದದ್ದು ಭಕ್ತಿಯಿಂದ ಮಾತ್ರವಲ್ಲ.

ಮೂರನೇಬೆಂಚು:
ಮೂರನೇ ಅಂಕಣ ಒಳ್ಳೆಯದು. ಆದರೆ ನಾಣಿಯ ಹೆಸರಿನ ಮುಂದೆ ಮಕ್ಕಳು ಏನನ್ನಾದರೂ ಬರೆದಾರೇ ಅನ್ನುವ ಅನುಮಾನ ಉಳಿದಿದೆ.

ಜೋಳದರೊಟ್ಟಿ:
ಮನಿಯೊಳಗಿನ ಲಾಭದ ಮಾತು ಬಂತಂದ್ರ ‘ಹಸೀನಾ’ ಬಿಡಾಕ ಬರಂಗಿಲ್ಲ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥಿ, 2004ರಾಗ ಕಾಸರವಳ್ಳಿಯವರು ಸಿನಿಮಾ ಮಾಡಿದ್ರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಬರೇ ಹೆಣ್ಣ ಹಡದಾಳಂತ ಗಂಡ ಬಿಟ್ಟು ಹೋಗ್ಯಾನ. ಆಕಿ ಜಮಾತಿಗೆ ಅರ್ಜಿ ಕೊಟ್ಟು ನ್ಯಾಯ ಕೇಳತಾಳ, ಮಸೀದಿ ಮುಂದ ಕುಂದರತಾಳ. ಮಸೀದಿ ಕಾರಭಾರ ನೋಡೋ ಮುತವಲ್ಲಿ ಇವತ್ತು ನಾಳಿ ಅಂತ ದೂಡತಾನ.

ಇಂಥಾ ಕಥಿ ಸಿನಿಮಾ ಮಾಡೂದ್ರಾಗ ಒಂದು ದೊಡ್ಡ ಗಂಡಾಂತರ ಐತಿ. ಸಮುದಾಯದ ಹೊರಗಿನ ಮಂದಿ ‘ನೋಡ್ರಿ, ಅವರೊಳಗ ಹಿಂಗ’ ಅಂತ ಬೊಟ್ಟು ಮಾಡಿ ತೋರಸಾಕ ಅದನ್ನ ಬಳಸತಾರ. ಬಾನು ಅವರು ಅದಕ್ಕ ದಾರಿ ಹೆಂಗ ಮುಚ್ಯಾರ ನೋಡ್ರಿ. ಮುತವಲ್ಲಿಗೆ ಎದರು ನಿಲ್ಲೋರು ಹೊರಗಿನ ಮಂದಿ ಅಲ್ಲ, ಅದ ಓಣಿ ಹೆಣ್ಮಕ್ಕಳು. ಬಾಗಲದಾಗ ನಿಂತು ಶಾಪ ಹಾಕೋರು ಅವರ. ಮುತವಲ್ಲಿ ಹೇಣ್ತಿನೂ ಸೈತ ಕಡೀಕ ಮಕ್ಕಳಾಗದಂಗ ಆಪರೇಷನ್ ಮಾಡಿಸ್ಕೊಳ್ಳಾಕ ಹೊಂಡತಾಳ. ಪ್ರಶ್ನಿ ಒಳಗಿಂದ, ಉತ್ತರಾನೂ ಒಳಗಿಂದ. ಹೊರಗಿನ ದೇವರು ಇಳದು ಬಂದು ಕಾಪಾಡಂಗಿಲ್ಲ. 2025ರಾಗ ಅವರ ಕಥಿಗಳಿಗೆ ದೀಪಾ ಭಾಸ್ತಿ ಅನುವಾದದ ಮ್ಯಾಲ ಅಂತಾರಾಷ್ಟ್ರೀಯ ಬೂಕರ್ ಬಂತು, ಎಲ್ಲಾರೂ ಹೆಮ್ಮಿಪಟ್ವಿ. ಆದ್ರ ಆ ಕಥಿ ಓದಿ ತಮ್ಮ ಓಣಿ ಪಂಚಾಯ್ತಿ ಹೆಂಗ ನಡೀತೈತಿ ಅಂತ ಎಷ್ಟ ಮಂದಿ ನೋಡಿದ್ರು, ಅದು ಬ್ಯಾರೆ ಮಾತು.

ರೀಲುಪೆಟ್ಟಿಗೆ:
ಒಳಗಿನ ಉತ್ತರ ಅಂದದ್ದಕ್ಕೆ ಭಾಷೆಯನ್ನು ಸೇರಿಸುತ್ತೇನೆ. ಬಡವರ ಪಾತ್ರಕ್ಕೆಲ್ಲ ಒಂದೇ ‘ಹಳ್ಳಿ ಭಾಷೆ’ ಕೊಡುವ ಚಾಳಿ ಸಿನಿಮಾದಲ್ಲಿ ಗಟ್ಟಿಯಾಗಿ ಕೂತಿದೆ. ಮಂಡ್ಯದ ‘ಕಣ್ಲಾ’, ಧಾರವಾಡದ ‘ಏನ್ರೀ’, ಕುಂದಾಪುರದ ‘ಎಂತ’, ಮೂರನ್ನೂ ಒಂದೇ ಬಾಯಲ್ಲಿ ಬೆರೆಸುತ್ತಾರೆ. ಸಂಭಾಷಣೆಯನ್ನು ಗ್ರಂಥಭಾಷೆಯಲ್ಲಿ ಬರೆದು ಸೆಟ್ಟಿನಲ್ಲಿ ‘ಹಳ್ಳಿ ಮಾಡಿ’ ಅಂದರೆ ಆಗುವುದು ಇದೇ. ಮಾಡಬೇಕಾದದ್ದು ತಿರುವುಮುರುವು: ಆ ತಾಲ್ಲೂಕಿನ ಇಬ್ಬರು ಮೂವರಿಗೆ ದೃಶ್ಯದ ಸಂದರ್ಭ ಹೇಳಿ ಮಾತಾಡಿಸಿ, ಧ್ವನಿ ಮುದ್ರಿಸಿ, ಅದನ್ನು ಕೇಳಿಕೊಂಡು ಬರೆಯಿರಿ. ಡಬ್ಬಿಂಗ್‌ಗೆ ಬೇರೆ ಊರಿನವರನ್ನು ಕರೆಯಬೇಡಿ. ಸಂಬೋಧನೆ ಅತಿ ಮುಖ್ಯ. ಅರವತ್ತರ ಮುದುಕನನ್ನು ಹದಿನಾರರ ಧಣಿ ಮಗ ಏಕವಚನದಲ್ಲಿ ಕರೆದು, ಮುದುಕ ಅವನಿಗೆ ‘ಬುದ್ಧಿ’ ಅಂದರೆ ಜಾತಿಯ ಪಾಠ ಅಲ್ಲೇ ಮುಗಿಯಿತು.

ಇನ್ನು ಕಪ್ಪು ಬಣ್ಣ. ಬಿಳಿಯ ನಟಿಗೆ ಮಸಿ ಬಳಿದು ಕೂಲಿ ಮಾಡಿಸುವುದನ್ನು ದಯವಿಟ್ಟು ನಿಲ್ಲಿಸಬೇಕು. ಬೆವರಿಗೆ ಕುತ್ತಿಗೆ, ಕಿವಿ ಹಿಂದೆ ಬಣ್ಣ ಬಿಡುತ್ತದೆ, ಅಂಗೈ ಬಿಳಿಯಾಗಿಯೇ ಉಳಿಯುತ್ತದೆ. ಅದು ತಾಂತ್ರಿಕ ತಪ್ಪಾದರೆ, ಬಡತನಕ್ಕೂ ಮೈಬಣ್ಣಕ್ಕೂ ಗಂಟು ಹಾಕುವುದು ದೊಡ್ಡ ತಪ್ಪು.

ಹೊಂಗೆಮರ:
ಶುರುವಿಗೆ ಹೇಳಿದ್ದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಬರೀ ಕ್ರಮ ತೋರಿಸಿದರೆ ಸಾಲದು, ಆ ಕ್ರಮದಿಂದ ಮನೆಯೊಳಗೆ ಯಾರಿಗೆ ಲಾಭ ಅನ್ನುವುದೂ ಬರಬೇಕು, ಒಪ್ಪಿದೆ. ಆದರೆ ಕೆಂಪುಮಣ್ಣು ಅವರೇ, ಚೋಮನ ಮನೆಯಲ್ಲಿ ಎಲ್ಲರೂ ಸೋತರು ಅನ್ನುವುದು ಪೂರ್ತಿ ಸರಿಯಲ್ಲ. ಗುರುವ ಸಾಯಲಿಲ್ಲ.

ಕೆಂಪುಮಣ್ಣು:
ನನಗೂ ಕಾಡುವುದು ಅದೇ. ಐದು ಮಕ್ಕಳಲ್ಲಿ ತನ್ನ ದಾರಿ ತಾನು ಹಿಡಿದವನು ಗುರುವ ಒಬ್ಬ. ಪ್ರೀತಿಸಿದ, ಮತ ಬಿಟ್ಟ, ಊರಿಗೆ ಮರಳಲಿಲ್ಲ. ಕಾದಂಬರಿ ಅವನನ್ನು ಘಟ್ಟದ ಮೇಲೆ ಬಿಟ್ಟು ಅಪ್ಪನ ಹತ್ತಿರ ಇಳಿದುಬಿಡುತ್ತದೆ. ಅ‍ಪ್ಪನ ಲೆಕ್ಕದಲ್ಲಿ ಅವನು ಕಳೆದುಹೋದ ಮಗ. ಅವನ ಲೆಕ್ಕ ಏನಿತ್ತು? ಅವನ ಹೆಂಡತಿಯ ಮನೆಯವರು ಒಂದೇ ಪಂಕ್ತಿಯಲ್ಲಿ ಕೂರಿಸಿದರೇ? ಮತ ಬದಲಾದರೂ ಜಾತಿ ಹಿಂಬಾಲಿಸಿದ ಉದಾಹರಣೆ ನಮ್ಮ ದೇಶದ ಇಗರ್ಜಿಗಳಲ್ಲಿ ಬೇಕಾದಷ್ಟಿದೆ, ಕೂರುವ ಜಾಗ ಬೇರೆ, ಹೂಳುವ ಜಾಗ ಬೇರೆ. ಈಗ ಬರೆಯುವ ಹುಡುಗರು ಚೋಮನನ್ನು ಮತ್ತೆ ಕೊಲ್ಲುವುದಕ್ಕಿಂತ ಗುರುವನನ್ನು ಬರೆಯಲಿ.

ಕಡಲತಡಿ:
ಬರೆಯುವವರಿಗೆ ಬೇಕಾಗುವ ಸಾಮಾನು ಹೇಳುತ್ತೇನೆ. ಗುರುವ ಇದ್ದದ್ದು ತೋಟದ ಲೈನ್ ಮನೆಯಲ್ಲಿ ಅಂತ ಇಟ್ಟುಕೊಳ್ಳಿ. ಉದ್ದಕ್ಕೆ ಒಂದೇ ಸೂರು, ಒಂದೊಂದು ಸಂಸಾರಕ್ಕೆ ಒಂದು ಕೋಣೆ. ನಡುವಿನ ಗೋಡೆ ಸೂರಿನವರೆಗೆ ಹೋಗಿರದಿದ್ದರೆ ಒಂದು ಮನೆಯ ಜಗಳ ಎಲ್ಲ ಮನೆಗೂ ಕೇಳುತ್ತದೆ. ಕೂಲಿಯಾಳುಗಳನ್ನು ಕೂಡಿಸುವ ಮೇಸ್ತ್ರಿ ಊರಿಗೆ ಬಂದು ಮುಂಗಡ ಕೊಡುತ್ತಾನೆ, ಆ ಮುಂಗಡವೇ ಸರಪಳಿ. ದಿನದ ಹಾಜರಿ ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕದಲ್ಲಿ. ಓದಲು ಬಾರದವನಿಗೆ ಅರ್ಧ ದಿನ ಬಿದ್ದದ್ದು ತಿಳಿಯುವುದು ಲೆಕ್ಕ ಮುಗಿಸುವ ದಿನ. ಜ್ವರ ಬಂದು ಮಲಗಿದ ದಿನಕ್ಕೆ ಕೂಲಿ ಇಲ್ಲ, ಅಕ್ಕಿ ಮಾತ್ರ ಸಾಲಕ್ಕೆ ಏರುತ್ತದೆ. ಅಣ್ಣ ಸತ್ತದ್ದು ಇದೇ ಜ್ವರದಲ್ಲಿ. ಅವನ ಪಾಲಿನ ಬಾಕಿಯನ್ನು ರೈಟರು ಯಾರ ಹೆಸರಿಗೆ ಬರೆದುಕೊಂಡ? ಗುರುವನ ಕಥೆಗೆ ಮೊದಲ ದೃಶ್ಯ ಬೇಕಿದ್ದರೆ ಆ ಪುಸ್ತಕದ ಪುಟ ತಿರುವುವಲ್ಲಿಂದ ಶುರು ಮಾಡಿ.

ಜೋಳದರೊಟ್ಟಿ:
ರೈಟರ್ ಆ ಪುಟ ಓದಿ ಹೇಳಬ್ಯಾಡ್ರಿ ಆತಿ. ಗುರುವನ ಹೇಣ್ತಿ ಶಾಲಿ ಕಲಿತಾಕಿ ಇರಲಿ. ಆಕಿ ಓದ್ಲಿ.